ಮಧ್ಯಾಹ್ನ ಹಾಕಿದ ಬ್ರೇಕು

ಮುಂಬಯಿಯಿಂದ ಬಂದ ಮೂರನೆಯ ದಿನ ಮಾವ ತಮ್ಮ ಸೈಕಲ್ಲಿನ ಮುಂದಿನ ಬ್ರೇಕನ್ನು ಬಿಚ್ಚಿದರು. ಅದಕ್ಕೆ ಇದ್ದದ್ದೇ ಅದೊಂದು ಬ್ರೇಕು. ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ನಟ್ಟು ತಿರುಗಿಸಿ ತೆಗೆದು, ಸತ್ತ ಇಲಿಯನ್ನು ಬಾಲ ಹಿಡಿದು ಎಸೆಯುವ ಹಾಗೆ ತೆಂಗಿನಮರದ ಬುಡಕ್ಕೆ ಎಸೆದರು. "ಇದೆಲ್ಲ ಹೆದರುವವರಿಗೆ" ಎಂದರು. ಅಮ್ಮ ನಕ್ಕಳು. ನಾನೂ ನಕ್ಕೆ. ಆ ನಗೆಯನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕರಾವಳಿಯ ಪೇಟೆಯ ಅತ್ತಾವರದಲ್ಲಿ ಒಂದು ಹಂಚಿನ ಬಾಡಿಗೆ ಮನೆಯಲ್ಲಿ ಅಮ್ಮ ಮತ್ತು ನಾನು ಇದ್ದೆವು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದರು. ಊರಿನ ಗದ್ದೆಗಳು ಭೂಸುಧಾರಣೆಯ ಕಾನೂನಿನಲ್ಲಿ ಒಕ್ಕಲುಗಳಿಗೆ ಸೇರಿದ್ದವು. ಗದ್ದೆ ಹೋಗಿತ್ತು, ಗತ್ತು ಹೋಗಿರಲಿಲ್ಲ. ಮಾವ ಎಂದರೆ ಅಮ್ಮನ ತಮ್ಮ. ನಮ್ಮ ಕಡೆ ತಾಯಿಯ ಒಡಹುಟ್ಟಿದವನೇ ಮನೆಯ ಯಜಮಾನ. ಹಾಗಾಗಿ ಮುಂಬಯಿಯ ಹೋಟೆಲ್ ಕೆಲಸ ಬಿಟ್ಟು, ಕೊಡಿಯಾಲ್‌ಬೈಲಿನಲ್ಲಿ ನೆಂಟರೊಬ್ಬರ ಹೋಟೆಲಿಗೆ ಮ್ಯಾನೇಜರಾಗಿ ಅವರು ಬಂದು ನಮ್ಮ ಮನೆಯಲ್ಲಿ ಇಳಿದಾಗ, ಮನೆಯ ಕುರ್ಚಿ, ಪೇಪರು, ಮೀನಿನ ನಡುತುಂಡು ಎಲ್ಲವೂ ತಾವಾಗಿಯೇ ಅವರ ಪಾಲಿಗೆ ಹೋದವು. ಇಷ್ಟು ವರ್ಷಗಳ ನಂತರ ಇದನ್ನು ಬರೆಯುವಾಗಲೂ ಅವರಿಗೆ ಬಹುವಚನವೇ ಬರುತ್ತಿದೆ. ಬಿಡಬೇಕೆಂದರೂ ಕೈ ಒಪ್ಪುವುದಿಲ್ಲ.

ಅವರ ಸೈಕಲ್ ನಮ್ಮೂರಿನ ಸೈಕಲ್ಲುಗಳಂತಲ್ಲ. ಸಪೂರ ಟಯರು, ಕೆಳಕ್ಕೆ ಬಾಗಿದ ಹ್ಯಾಂಡಲ್, ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಹಿಂದಿನ ಚಕ್ರದಲ್ಲಿ ಫ್ರೀವೀಲ್ ಇರಲಿಲ್ಲ. ಸಾಧಾರಣ ಸೈಕಲ್ಲಿನಲ್ಲಿ ಇಳಿಜಾರು ಬಂದರೆ ನಾವು ಪೆಡಲ್ ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತೇವೆ, ಚಕ್ರ ತಿರುಗುತ್ತಿರುತ್ತದೆ. ಮಾವನ ಸೈಕಲ್ಲಿನಲ್ಲಿ ಹಾಗಾಗದು. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು. ಪೆಡಲನ್ನು ಕಾಲಿನಿಂದ ತಡೆದರೆ ಚಕ್ರವೂ ನಿಧಾನವಾಗುತ್ತದೆ. ಹಿಂದಕ್ಕೆ ತುಳಿದರೆ ಸೈಕಲ್ ಹಿಂದಕ್ಕೇ ಹೋಗುತ್ತದೆ. ಅದಕ್ಕೆ ಅವರು "ಫಿಕ್ಸ್" ಎನ್ನುತ್ತಿದ್ದರು. "ಫಿಕ್ಸಿಗೆ ಬ್ರೇಕ್ ಎಂತಕ್ಕೆ? ಇದಕ್ಕೆ ಕಾಲೇ ಬ್ರೇಕು."

ಅವರು ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಸಮತಟ್ಟಾದ ಜಾಗದಲ್ಲಿ ಅವರ ಸವಾರಿ ನೋಡುವಂತಿತ್ತು. ಭಾನುವಾರ ಸಂಜೆ ಮೈದಾನದಲ್ಲಿ ಕಾಲನ್ನು ನೆಲಕ್ಕೆ ಊರದೆ ಸೈಕಲ್ಲನ್ನು ನಿಂತಲ್ಲೇ ನಿಲ್ಲಿಸುತ್ತಿದ್ದರು. ಮುಂದಿನ ಚಕ್ರವನ್ನು ಸ್ವಲ್ಪ ಓರೆ ಮಾಡಿ, ಅರ್ಧ ಇಂಚು ಮುಂದೆ, ಅರ್ಧ ಇಂಚು ಹಿಂದೆ, ಒಂದು ಸಿಗರೇಟು ಮುಗಿಯುವವರೆಗೆ ಹಾಗೇ ನಿಲ್ಲುತ್ತಿದ್ದರು. ಆಮೇಲೆ ಹಿಮ್ಮುಖವಾಗಿ ಒಂದು ಸುತ್ತು. ಕಾಲೇಜಿನ ಹುಡುಗರು ಸುತ್ತಲೂ ಸೇರುತ್ತಿದ್ದರು. ಅವರು ನನ್ನ ಮಾವ ಎಂದು ಹೇಳಿಕೊಳ್ಳುವುದರಲ್ಲಿ ನನಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ನನಗೆ ಆಗ ಹತ್ತೊಂಬತ್ತು.

ಎರಡು ತಿಂಗಳೊಳಗೆ ಅತ್ತಾವರದ ಐದಾರು ಮಂದಿ ತಮ್ಮ ಸೈಕಲ್ಲುಗಳ ಬ್ರೇಕ್ ಬಿಚ್ಚಿದರು. ಅವರದ್ದೆಲ್ಲ ಸಾಧಾರಣ ಸೈಕಲ್ಲುಗಳು, ಫ್ರೀವೀಲ್ ಇದ್ದವು. ಅವುಗಳಲ್ಲಿ ಕಾಲಿನಿಂದ ತಡೆಯುವುದೂ ಸಾಧ್ಯವಿಲ್ಲ. ಚಪ್ಪಲಿಯನ್ನು ಟಯರಿಗೆ ಒತ್ತಿಯೋ, ಕಂಪೌಂಡು ಗೋಡೆಗೆ ಒರಸಿಯೋ ನಿಲ್ಲಿಸಬೇಕು. ಒಬ್ಬ ಚರಂಡಿಗೆ ಬಿದ್ದು ಹಲ್ಲು ಮುರಿದುಕೊಂಡ. ಮಾವ ಅದನ್ನು ಊಟದ ಹೊತ್ತಿನಲ್ಲಿ ಅಭಿನಯಿಸಿ ತೋರಿಸಿದರು. ಅವರ ಸೈಕಲ್ಲಿಗೂ ತಮ್ಮದಕ್ಕೂ ಇರುವ ವ್ಯತ್ಯಾಸವನ್ನು ಮಾವ ಆ ಹುಡುಗರಿಗೆ ಒಂದು ಮಾತಿನಲ್ಲಿ ತಿಳಿಸಬಹುದಿತ್ತು. ತಿಳಿಸಲಿಲ್ಲ. ತಮ್ಮನ್ನು ನೋಡಿ ಜನ ಬೀಳುವುದು ಅವರಿಗೆ ಇಷ್ಟವಿತ್ತು ಎಂದು ನನಗೆ ಈಗ ಅನಿಸುತ್ತದೆ. ಪೊಲೀಸರು ಆಗ ಸೈಕಲ್ಲಿನವರನ್ನು ಹಿಡಿಯುತ್ತಿದ್ದದ್ದು ದೀಪ ಇಲ್ಲದ್ದಕ್ಕೆ, ಇಬ್ಬರು ಕೂತದ್ದಕ್ಕೆ. ಬ್ರೇಕ್ ಉಂಟಾ ಎಂದು ಯಾರೂ ಬಗ್ಗಿ ನೋಡಿದ್ದನ್ನು ನಾನು ಕಾಣೆ.

ಕೇಳಿದವರು ಒಬ್ಬರೇ. ಫಳ್ನೀರಿನ ಏರಿನ ಬಳಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಬ್ಯಾರಿ ಮುಸಲ್ಮಾನ ಮುದುಕರು. ನಾವೆಲ್ಲ ಅವರನ್ನು ಕಾಕ ಎಂದು ಕರೆಯುತ್ತಿದ್ದೆವು. ಮಾವ ಒಮ್ಮೆ ಹಿಂದಿನ ಟಯರಿಗೆ ಗಾಳಿ ಹಾಕಿಸಲು ಹೋದಾಗ ನಾನೂ ಜೊತೆಗಿದ್ದೆ. ಕಾಕ ಪಂಪು ಕೆಳಗಿಟ್ಟು ಚೈನನ್ನು ಬೆರಳಿನಿಂದ ಎತ್ತಿ ನೋಡಿದರು. ಅದು ಜೋತುಬಿದ್ದಿತ್ತು.

"ಬ್ರೇಕ್ ಎಲ್ಲಿ?" ಎಂದರು.

"ಬೇಡ ಇದಕ್ಕೆ. ಕಾಲಿನಿಂದ ನಿಲ್ತದೆ."

"ಚೈನ್ ಬಿದ್ದರೆ?"

"ಚೈನ್ ಎಂತಕ್ಕೆ ಬೀಳ್ತದೆ ಮಾರಾಯ್ರೆ?"

"ನನ್ನತ್ರ ಕೇಳ್ತೀರಾ? ಬೆಳಿಗ್ಗೆಯಿಂದ ಇಲ್ಲಿ ಬಿದ್ದ ಚೈನ್ ಹಾಕಿ ಹಾಕಿ ನನ್ನ ಕೈ ಕಪ್ಪಾಗಿದೆ. ನಿಮ್ಮ ಗಾಡಿಯಲ್ಲಿ ಚೈನ್ ಬಿದ್ರೆ ಕಾಲು ಎಷ್ಟು ಗಟ್ಟಿ ಇದ್ದು ಎಂತ ಪ್ರಯೋಜನ?"

"ಬೊಂಬಾಯಿಯಲ್ಲಿ ರೇಸಿನವರು ಒಬ್ಬರೂ ಬ್ರೇಕ್ ಹಾಕುವುದಿಲ್ಲ, ಗೊತ್ತುಂಟಾ?"

"ರೇಸ್ ಬಿಡುವಲ್ಲಿ ಹೆಂಗಸರು ಮಕ್ಕಳು ಅಡ್ಡ ದಾಟ್ತಾರಾ?" ಎಂದು ಕಾಕ ಕೇಳಿದರು. "ಇದು ರೋಡು. ನಿಮ್ಮ ಕಾಲಿಗೆ ಮಾತ್ರ ಇರುವುದಲ್ಲ. ಚೈನ್ ಟೈಟ್ ಮಾಡಿ ಕೊಡ್ತೇನೆ, ಒಂದು ಬ್ರೇಕೂ ಹಾಕಿ ಕೊಡ್ತೇನೆ. ಅರ್ಧ ಗಂಟೆ ಸಾಕು."

ಮಾವ ನಿಲ್ಲಲಿಲ್ಲ. ಸ್ವಲ್ಪ ದೂರ ಬಂದ ಮೇಲೆ, "ಪಂಕ್ಚರ್ ಹಾಕುವವನಿಗೆ ರೇಸಿನ ವಿಷಯ ಎಂತ ಗೊತ್ತು" ಎಂದರು. ನಾನು ಹೌದು ಎಂದೆ. ಅರ್ಧ ಗಂಟೆ ಮತ್ತು ಒಂದು ಸ್ಪ್ಯಾನರು. ಅಷ್ಟರ ಮೇಲೆ ನಿಂತಿತ್ತು ಮುಂದಿನದ್ದೆಲ್ಲ.

ಮಾವನನ್ನು ಮೆಚ್ಚಿಸಲು ನಾನೂ ನನ್ನ ಹಳೆಯ ಸೈಕಲ್ಲಿನ ಹಿಂದಿನ ಬ್ರೇಕನ್ನು ತೆಗೆದೆ. ಮುಂದಿನದ್ದನ್ನು ತೆಗೆಯಲಿಲ್ಲ. ನಟ್ಟು ತುಕ್ಕು ಹಿಡಿದು ಬಿಗಿಯಾಗಿದೆ ಎಂದು ನೆವ ಹೇಳಿದೆ. ನಿಜ ಏನೆಂದರೆ ನನಗೆ ಹೆದರಿಕೆ. ಮಾವ ಆ ಬ್ರೇಕನ್ನು ನೋಡಿದಾಗೆಲ್ಲ "ನಿನಗೆ ಸೀರೆ ಉಡಿಸಬೇಕು" ಎನ್ನುತ್ತಿದ್ದರು. ನಾನು ನಾಚಿ ತಲೆ ತಗ್ಗಿಸುತ್ತಿದ್ದೆ.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಬೀಡಿ ಕಟ್ಟುವ ಒಬ್ಬ ಹೆಂಗಸು ಇದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳ ತವರಿನವರು ಒಂದು ಕಾಲದಲ್ಲಿ ನಮ್ಮ ಅಜ್ಜಿಯ ಗದ್ದೆಗಳನ್ನು ಗೇಣಿಗೆ ಮಾಡಿದವರು. ಪೇಟೆಗೆ ಬಂದ ಮೇಲೆ ಎರಡೂ ಮನೆಗಳ ನಡುವೆ ಒಂದು ಬೇಲಿ ಮಾತ್ರ. ಅಮ್ಮ ಜ್ವರದಲ್ಲಿ ಮಲಗಿದ ದಿನಗಳಲ್ಲಿ ನನಗೆ ಗಂಜಿ ಬಡಿಸಿದವಳು ಅವಳು. ಶಾಲೆಗೆ ಹೋಗುತ್ತಿದ್ದ ವರ್ಷಗಳಲ್ಲಿ ಎಷ್ಟೋ ಸಂಜೆ ಅವಳ ಜಗಲಿಯಲ್ಲೇ ಕೂತು ಲೆಕ್ಕ ಮಾಡಿದ್ದೇನೆ. ಅವಳು ಮಡಿಲಲ್ಲಿ ಮೊರ ಇಟ್ಟುಕೊಂಡು, ರೇಡಿಯೊ ಕೇಳುತ್ತಾ, ಕೈಯ ಕಡೆ ನೋಡದೆಯೇ ಕಟ್ಟುತ್ತಿದ್ದಳು. ಎಲೆಯ ತುಂಡು ಬೆರಳ ನಡುವೆ ಬಂತು, ಹೊಗೆಸೊಪ್ಪು ಬಿತ್ತು, ಉರುಟಾಯಿತು, ತುದಿ ಮಡಚಿತು, ನೂಲು ಸುತ್ತಿತು. ಕಣ್ಣಿಗೆ ಸಿಗದಷ್ಟು ಬೇಗ. ಮೊರ ತುಂಬಿದ ಮೇಲೆ ಕಟ್ಟುಗಳನ್ನು ಚೀಲಕ್ಕೆ ಹಾಕಿ, ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಕೊಟ್ಟು ಬರುತ್ತಿದ್ದಳು. ಅವಳ ಮತ್ತು ಅವಳ ಮುದಿ ತಾಯಿಯ ಅನ್ನ ಆ ಹತ್ತು ಬೆರಳುಗಳಲ್ಲಿತ್ತು.

ಮಾವ ಬಂದ ಮರುವರ್ಷದ ಜೂನ್. ಮಳೆ ಹಿಡಿದು ಕೆಲವು ದಿನವಾಗಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಫಳ್ನೀರಿನ ಕಡೆಯಿಂದ ಅತ್ತಾವರಕ್ಕೆ ಇಳಿಯುವ ರಸ್ತೆಯಲ್ಲಿ ಮಾವ ಮುಂದೆ, ನಾನು ಹಿಂದೆ ಬರುತ್ತಿದ್ದೆವು. ಹನಿ ಮಳೆ. ಅವರು ಹೊಸ ತೊಗಲಿನ ಬೂಟು ಹಾಕಿದ್ದರು. ಇಳಿಜಾರಿನ ಅರ್ಧದಲ್ಲಿ "ಕಟಕ್" ಎಂದು ಸದ್ದಾಯಿತು. ಚೈನು ಹಲ್ಲಿನಿಂದ ಜಾರಿ ಕೆಳಗೆ ಬಿತ್ತು. ಆವರೆಗೆ ಹಿಡಿತದಲ್ಲಿ ತಿರುಗುತ್ತಿದ್ದ ಅವರ ಕಾಲುಗಳು ಒಮ್ಮೆಲೇ ಖಾಲಿ ಪೆಡಲನ್ನು ಗಿರಗಿರ ತುಳಿದವು. ಮತ್ತೆ ಕಾಲು ಪೆಡಲಿನಿಂದಲೇ ಹಾರಿತು. ಸೈಕಲ್ ಓಡತೊಡಗಿತು.

ಕೆಳಗೆ ಅಕ್ಕ ರಸ್ತೆ ದಾಟುತ್ತಿದ್ದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಸುತ್ತಿದ ಬೀಡಿಯ ಚೀಲ. ಮಾವ "ಸೈಡ್! ಸೈಡ್!" ಎಂದು ಕಿರುಚಿದರು. ಬೆಲ್ಲು ಇರಲಿಲ್ಲವಲ್ಲ. ಅವಳು ತಿರುಗಿ ನೋಡಿ ಒಂದು ಹೆಜ್ಜೆ ಹಿಂದೆ ಇಟ್ಟಳು, ಮತ್ತೆ ಮುಂದೆ ಇಟ್ಟಳು. ಹ್ಯಾಂಡಲ್ ಅವಳ ಪಕ್ಕೆಗೆ ಬಡಿಯಿತು. ಬಲಗೈ ಊರಿಕೊಂಡು ಬಿದ್ದಳು, ಆ ಕೈಯ ಮೇಲೆ ಸೈಕಲ್ ಬಿತ್ತು, ಸೈಕಲ್ಲಿನ ಜೊತೆಗೆ ಮಾವ.

ನಾನು ನಿಂತೆ. ಅದನ್ನು ಎಷ್ಟು ಸಲ ನೆನೆದಿದ್ದೇನೋ. ಅದೇ ಮಳೆ, ಅದೇ ಇಳಿಜಾರು. ಮುಂದಿನ ಬ್ರೇಕ್ ಹಿಡಿದೆ, ಕಿರ್ ಎಂದಿತು, ಸ್ವಲ್ಪ ಜಾರಿತು, ನಿಂತಿತು. ಅವರಿಂದ ನಾಲ್ಕು ಮಾರು ಈಚೆಗೆ.

ಮಾವ ಎದ್ದರು. ಮೊಣಕಾಲು ತರಚಿತ್ತು. ಮೊದಲು ಸೈಕಲ್ಲಿನ ಚಕ್ರ ಎತ್ತಿ ತಿರುಗಿಸಿ ರಿಮ್ಮು ಸೊಟ್ಟಗಾಗಿದೆಯೇ ಎಂದು ನೋಡಿದರು. ಆಮೇಲೆ ಅವಳ ಕಡೆ ತಿರುಗಿ, "ಕಣ್ಣು ಕಾಣುದಿಲ್ವಾ ನಿನಗೆ?" ಎಂದರು.

ಅಕ್ಕ ಕೂತಲ್ಲಿಂದಲೇ ಎಡಗೈ ಚಾಚಿ ಚರಂಡಿಯ ನೀರಿಗೆ ಹೋಗುತ್ತಿದ್ದ ಬೀಡಿ ಕಟ್ಟುಗಳನ್ನು ಎಳೆದುಕೊಳ್ಳುತ್ತಿದ್ದಳು. ಬಲಗೈ ಮಣಿಕಟ್ಟಿನಿಂದ ಮುಂದೆ ಬೇರೆ ಯಾರದೋ ಕೈಯ ಹಾಗೆ ತಿರುಗಿತ್ತು. ಜನ ಸೇರಿದರು. ಇಬ್ಬರು ಅವಳನ್ನು ಎತ್ತಿ ರಿಕ್ಷಾದಲ್ಲಿ ಕೂರಿಸಿದರು. ನಾನು ಹತ್ತಲು ಹೋದಾಗ ಮಾವ ನನ್ನ ಅಂಗಿ ಹಿಡಿದು ಎಳೆದು, "ನೀನು ಎಲ್ಲಿಗೆ? ಸೈಕಲ್ ಮನೆಗೆ ತೆಗೊಂಡು ಹೋಗು. ಬೇಗ" ಎಂದರು. ರಿಕ್ಷಾ ಹೋಯಿತು. ನನ್ನ ಸೈಕಲ್ಲನ್ನು ಒಂದು ಗೋಡೆಗೆ ಒರಗಿಸಿ, ಅವರದ್ದನ್ನು ತಳ್ಳಿಕೊಂಡು ಮನೆಗೆ ಬಂದೆ. ಯಾರಾದರೂ ಬಲವಂತ ಮಾಡಿದರೇ? ಇಲ್ಲ. ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದರು ಅಷ್ಟೆ.

ಮನೆಗೆ ಬಂದ ಮಾವ ಮೊಣಕಾಲಿಗೆ ಡೆಟ್ಟಾಲ್ ಹಚ್ಚಿಸಿಕೊಳ್ಳುತ್ತಾ ಕುರ್ಚಿಯಲ್ಲಿ ಕೂತು ಯೋಚಿಸಿದರು. ಮೂಳೆ ಮುರಿದರೆ ಆಸ್ಪತ್ರೆಯಿಂದ ಠಾಣೆಗೆ ಚೀಟಿ ಹೋಗುತ್ತದೆ, ಪೊಲೀಸರು ಸೈಕಲ್ ನೋಡಲು ಬರುತ್ತಾರೆ ಎಂಬುದು ಅವರಿಗೆ ತಿಳಿದಿತ್ತು.

"ಒಂದು ಬ್ರೇಕ್ ತೆಗೊಂಡು ಬಾ" ಎಂದರು ನನ್ನ ಹತ್ತಿರ. "ಊಟಕ್ಕೆ ಮೊದಲು ಹಾಕಿ ಬಿಡು."

ತೆಂಗಿನ ಬುಡಕ್ಕೆ ಎಸೆದದ್ದು ಯಾವತ್ತೋ ಗುಜರಿಯವನಿಗೆ ಹೋಗಿತ್ತು. ಅಮ್ಮನ ಮುಖ ನೋಡಿದೆ. ಅವಳು "ಮಾವ ಹೇಳಿದ್ದು ಕೇಳ್ಲಿಲ್ವಾ?" ಎಂದಳು. ಹತ್ತಿ ಮತ್ತು ಡೆಟ್ಟಾಲಿನ ಬಾಟಲಿ ಅವಳ ಕೈಯಲ್ಲಿತ್ತು. ಬೇಲಿಯಾಚೆ ಅಕ್ಕನ ಮುದಿ ತಾಯಿ ಯಾರನ್ನೋ ಕೂಗುತ್ತಿದ್ದುದು ನಮಗೆ ಮೂವರಿಗೂ ಕೇಳಿಸುತ್ತಿತ್ತು.

ಕಾಕನ ಅಂಗಡಿಗೆ ಓಡಿದೆ. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲಪಿತ್ತು.

"ಮುಂದಿನ ಚಕ್ರದ್ದು ಒಂದು ಬ್ರೇಕ್ ಸೆಟ್ಟು" ಎಂದೆ.

"ಯಾವ ಸೈಕಲ್ಲಿಗೆ?"

"ನನ್ನದಕ್ಕೆ."

"ನಿನ್ನದಕ್ಕೆ ಮುಂದೆ ಉಂಟಲ್ಲ."

ಕಾಕ ನನ್ನನ್ನೇ ನೋಡಿದರು. ಆಮೇಲೆ ಡಬ್ಬಿಯಿಂದ ಒಂದು ಸೆಟ್ಟು ತೆಗೆದು ನನ್ನ ಕೈಗೆ ಕೊಡದೆ ಹಲಗೆಯ ಮೇಲೆ ಇಟ್ಟರು. ಜೇಬಿಗೆ ಕೈ ಹಾಕಿದೆ. "ಬೇಡ. ಇದರ ದುಡ್ಡು ನನಗೆ ಬೇಡ. ಇನ್ನು ನಿಮ್ಮ ಮನೆಯ ಗಾಡಿ ಇಲ್ಲಿಗೆ ತರ್ಬೇಡ" ಎಂದು ಒಳಗೆ ಹೋದರು. ಅವರು ಅದನ್ನು ಕೊಡದೇ ಇರಬಹುದಿತ್ತು. ಯಾಕೆ ಕೊಟ್ಟರೋ ಗೊತ್ತಿಲ್ಲ. ನಾನು ಅದನ್ನು ತೆಗೆದುಕೊಳ್ಳುತ್ತೇನೋ ಇಲ್ಲವೋ ಎಂದು ನೋಡಿದರೋ ಏನೋ. ತೆಗೆದುಕೊಂಡೆ.

ಮುಂದಿನ ಚಕ್ರ ಹಿಡಿದ ಫೋರ್ಕಿನಲ್ಲಿ ಹಳೆಯ ಬ್ರೇಕಿನ ತೂತು ಇದ್ದುದರಿಂದ ಕೆಲಸ ಸುಲಭವಾಯಿತು. ಬ್ರೇಕ್ ಕೂರಿಸಿ, ಕೇಬಲ್ ಎಳೆದು, ಹ್ಯಾಂಡಲಿಗೆ ಹಿಡಿ ಬಿಗಿದೆ. ಬಿದ್ದ ಚೈನನ್ನೂ ಹಾಕಿದೆ. ರಬ್ಬರು ಹೊಸದಾಗಿ ಹೊಳೆಯುತ್ತಿತ್ತು. ಮಾವ ಕುರ್ಚಿಯಲ್ಲಿ ಕೂತೇ, "ಸ್ವಲ್ಪ ಕೆಸರು ಹಚ್ಚು ಅದಕ್ಕೆ" ಎಂದರು. ಅಂಗಳದ ಕೆಸರನ್ನು ಬೆರಳಲ್ಲಿ ತೆಗೆದು ಹಚ್ಚಿದೆ. ಕೈ ತೊಳೆದು ಬಂದು ಊಟಕ್ಕೆ ಕೂತೆವು. ಬಂಗುಡೆ ಮೀನಿನ ಸಾರು. ಮಾವ ಎರಡನೆಯ ಸಲ ಹಾಕಿಸಿಕೊಂಡರು.

ಮೂರು ಗಂಟೆಗೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದ. ಅಮ್ಮ ಚಹಾ ಮತ್ತು ಬನ್ಸ್ ಕೊಟ್ಟಳು. ಅವನು ತಿಂದು, ಕೈ ಒರಸಿಕೊಂಡು, ಸೈಕಲ್ಲಿನ ಹತ್ತಿರ ಬಗ್ಗಿದ. ಬ್ರೇಕ್ ಹಿಡಿಯನ್ನು ಎರಡು ಸಲ ಒತ್ತಿದ. ಹೆಬ್ಬೆರಳಿನಿಂದ ರಬ್ಬರಿನ ಮೇಲಿನ ಕೆಸರು ಒರಸಿದ. ಕೆಳಗೆ ಅಚ್ಚಿನ ಗೆರೆ ಹಾಗೇ ಇತ್ತು, ಒಂದು ದಿನವೂ ರಿಮ್ಮಿಗೆ ತಾಗದ ರಬ್ಬರು. ಅವನಿಗೆ ಗೊತ್ತಾಯಿತು. ಗೊತ್ತಾದದ್ದು ನನಗೂ ಗೊತ್ತಾಯಿತು.

"ನೀನು ಹಿಂದೆ ಇದ್ದದ್ದಲ್ವಾ?" ಎಂದು ನನ್ನನ್ನು ಕೇಳಿದ. "ಇವರು ಬ್ರೇಕ್ ಹಿಡಿದದ್ದು ನೋಡಿದ್ಯಾ?"

"ನೋಡಿದೆ ಸಾರ್" ಎಂದೆ. "ಹಿಡಿದ್ರು. ಮಳೆಗೆ ಜಾರಿತು. ಅವಳು ನೋಡದೆ ಅಡ್ಡ ಬಂದಳು."

ಅವಳು ನೋಡದೆ ಅಡ್ಡ ಬಂದಳೇ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಅದನ್ನು ನಾನಾಗಿಯೇ ಸೇರಿಸಿದೆ. ಮಾವ ನನ್ನತ್ತ ಮೆಚ್ಚುಗೆಯಿಂದ ನೋಡಿದರು. ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡ, ಇನ್ನೊಂದು ಬನ್ಸ್ ತಿಂದ, ಹೋದ. ಅಷ್ಟಕ್ಕೇ ಮುಗಿಯಿತು.

ನಾಲ್ಕನೆಯ ದಿನ ಅಮ್ಮ ನನ್ನ ಕೈಯಲ್ಲಿ ಮೂಸಂಬಿ ಕೊಟ್ಟು ಆಸ್ಪತ್ರೆಗೆ ಕಳುಹಿಸಿದಳು. ಅಕ್ಕನ ಕೈಗೆ ಮೊಣಕೈಯವರೆಗೆ ಪ್ಲಾಸ್ಟರ್ ಹಾಕಿದ್ದರು. ಬೆರಳ ತುದಿಗಳು ಊದಿ ಹೊರಗೆ ಕಾಣುತ್ತಿದ್ದವು. ನನ್ನನ್ನು ನೋಡಿ ಅವಳೇ ಮಾತು ತೆಗೆದಳು.

"ನಿನ್ನ ಮಾವನ ಸೈಕಲ್ಲಿಗೆ ಬ್ರೇಕ್ ಇತ್ತಂತೆ ಅಲ್ವಾ ಮಗಾ? ಪೊಲೀಸು ಬಂದು ಹೇಳಿದ. ನಾನೇ ನೋಡದೆ ದಾಟಿದ್ದಂತೆ. ನನಗೆ ನೋಡಿದ ಹಾಗೆ ನೆನಪು. ಆದ್ರೆ ನೀನೂ ಹಾಗೇ ಹೇಳಿದ್ದಿ ಅಂದ. ನೀನು ಹೇಳಿದ ಮೇಲೆ ಹೌದಾಗಿರ್ಬೇಕು."

ನಾನು ಹ್ಞೂಂ ಎಂದೆ. ಒಂದು ಮೂಸಂಬಿ ಸುಲಿದು ಅವಳ ಎಡಗೈಗೆ ಕೊಟ್ಟೆ. ಹೊರಗೆ ಬಂದು ಆಸ್ಪತ್ರೆಯ ಗೋಡೆಯ ಬದಿಯಲ್ಲಿ ವಾಂತಿ ಮಾಡಿಕೊಂಡೆ. ವಾಂತಿ ಮಾಡಿಕೊಂಡದ್ದರಿಂದ ನನ್ನ ಬಗ್ಗೆ ಸ್ವಲ್ಪ ಒಳ್ಳೆಯ ಅಭಿಪ್ರಾಯ ಹುಟ್ಟಿತು. ಅದು ಇನ್ನೂ ಹೇಸಿಗೆಯ ಸಂಗತಿ.

ಪ್ಲಾಸ್ಟರ್ ತೆಗೆದ ಮೇಲೆ ಕೈ ಸರಿಯಾಗಲಿಲ್ಲ. ಮಣಿಕಟ್ಟು ತಿರುಗುತ್ತಿರಲಿಲ್ಲ, ಬೆರಳುಗಳು ಅರ್ಧಕ್ಕೆ ಮಡಚಿ ನಿಲ್ಲುತ್ತಿದ್ದವು. ಡಾಕ್ಟರು ಹೇಳಿದ ಹಾಗೆ ಬಿಸಿನೀರಿನಲ್ಲಿ ಕೈ ಇಟ್ಟು ಹಿಟ್ಟು ಹಿಸುಕಿದ ಹಾಗೆ ಹಿಸುಕುತ್ತಾ ಕೂರುತ್ತಿದ್ದಳು. ತಿಂಗಳುಗಟ್ಟಲೆ ಬೀಡಿ ಕಟ್ಟಲು ನೋಡಿದಳು. ಕಟ್ಟಿದ್ದು ಸಡಿಲ. ಬ್ರಾಂಚಿನವನು ಅವುಗಳನ್ನು ಅವಳೆದುರೇ ಮುರಿದು ಬದಿಗೆ ಹಾಕುತ್ತಿದ್ದನಂತೆ. ಕೊನೆಗೆ ಮೊರವನ್ನು ಗೋಡೆಗೆ ನೇತುಹಾಕಿ, ಎಡಗೈಯಿಂದ ಆಗುವಷ್ಟು ಮನೆಗೆಲಸಕ್ಕೆ ಅಲ್ಲಿ ಇಲ್ಲಿ ಹೋಗತೊಡಗಿದಳು. ಮಾವ ಒಂದು ವರ್ಷದಲ್ಲಿ ಸ್ಕೂಟರ್ ಕೊಂಡರು. ಫಿಕ್ಸ್ ಸೈಕಲ್ ಅಂಗಳದ ಮಾಡಿನ ಕೆಳಗೆ ನಿಂತಿತು. ನನಗೆ ಕೊಡಿಯಾಲ್‌ಬೈಲಿನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು.

ಎಂಬತ್ತರ ದಶಕ ಶುರುವಾಗಿತ್ತು. ಒಂದು ಸಂಜೆ ಆಫೀಸಿನಿಂದ ಬರುವಾಗ ಓಣಿಯ ಬಾಯಿಯಲ್ಲಿ ಅಕ್ಕ ನಿಂತಿದ್ದಳು. ಶಾಲೆ ಬಿಟ್ಟು ಬರುತ್ತಿದ್ದ ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದಳು. "ಎರಡೂ ಕಡೆ ನೋಡಿ ದಾಟಿ ಮಕ್ಕಳೇ. ನನ್ನ ಹಾಗೆ ಮಾಡ್ಬೇಡಿ" ಎಂದು ತನ್ನ ಸೊಟ್ಟ ಕೈಯನ್ನು ಎತ್ತಿ ತೋರಿಸಿದಳು. ಮಕ್ಕಳು ಅದನ್ನು ನೋಡಿ ಹೆದರಿ ತಲೆಯಾಡಿಸಿದವು. ದಿನವೂ ಹೀಗೆ ಹೇಳುತ್ತಿದ್ದಳೆಂದು ಆಮೇಲೆ ತಿಳಿಯಿತು.

ನನಗೆ ಮುಂದೆ ಹೋಗಲಾಗಲಿಲ್ಲ. ಮಕ್ಕಳು ಹೋದ ಮೇಲೆ ಅವಳ ಜಗಲಿಯವರೆಗೆ ಹೋಗಿ, ನಿಂತೇ ಹೇಳಿದೆ.

"ಅಕ್ಕ, ಮಾವನ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ."

"ಎಂತ?"

"ಇರಲಿಲ್ಲ. ಚೈನ್ ಬಿತ್ತು, ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ. ಪೊಲೀಸು ಬರುವ ಮೊದಲು ನಾನೇ ಬ್ರೇಕ್ ಹಾಕಿದ್ದು. ನೀನು ನೋಡಿಯೇ ದಾಟಿದ್ದು. ನಾನು ಸುಳ್ಳು ಹೇಳಿದೆ."

ಅವಳು ಜಗಲಿಯ ಕಂಬಕ್ಕೆ ಒರಗಿ ಕೂತಳು. ಮತ್ತೆ ಕೇಳಿದಳು, "ಯಾವಾಗ ಹಾಕಿದ್ದು?"

"ಅದೇ ದಿನ. ಹನ್ನೆರಡು ಗಂಟೆಗೆ."

"ಹನ್ನೆರಡು ಗಂಟೆಗೆ ನನ್ನ ಕೈ ಎಳೀತಾ ಇದ್ರು" ಎಂದಳು. "ಮೂಳೆ ಕೂರಿಸ್ಲಿಕ್ಕೆ. ನಾಲ್ಕು ಜನ ಹಿಡ್ಕೊಂಡಿದ್ರು." ಆಮೇಲೆ, "ಮೂಸಂಬಿ ತಂದಿದ್ದಿ ಅಲ್ವಾ ನೀನು" ಎಂದಳು.

ನಾನು ಅತ್ತೆ. ಅವಳು ಅಳಲಿಲ್ಲ. "ಸಾಕು ಮಾರಾಯ. ಇದನ್ನು ಈಗ ಬಂದು ಹೇಳಿದ್ದು ಯಾರಿಗೆ ಹಗುರ ಆಗ್ಲಿಕ್ಕೆ? ಇಷ್ಟು ಸಮಯ ನಾನು ನನಗೇ ಬೈದುಕೊಂಡಿದ್ದೇನೆ. ನಿದ್ದೆಯಲ್ಲೂ ಬೈದುಕೊಂಡಿದ್ದೇನೆ. ಹೋಗು ನೀನು" ಎಂದಳು. ಮುಖ ಆಚೆ ತಿರುಗಿಸಿದಳು. ಹಳಸಿದ್ದೇನೋ ಮೂಗಿಗೆ ಬಡಿದವರು ತಿರುಗಿಸುವ ಹಾಗೆ.

ಮರುದಿನ ಬೆಳಿಗ್ಗೆ ಅವಳು ನಮ್ಮ ಅಂಗಳಕ್ಕೆ ಬಂದಳು. ನಮ್ಮ ಮನೆಗೆ ಹಿತ್ತಲಿನ ಬದಿ ಬಿಟ್ಟು ಮುಂದಿನಿಂದ ಅವಳು ಬಂದದ್ದು ಅದೇ ಮೊದಲು. ಮಾವ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು.

"ಆ ದಿನ ಬ್ರೇಕ್ ಇತ್ತಾ?" ಎಂದು ಕೇಳಿದಳು.

"ಯಾವ ದಿನ? ಎಂತದ್ದು ನಿನ್ನದು ಬೆಳಿಗ್ಗೆ ಬೆಳಿಗ್ಗೆ?"

"ನನ್ನ ಕೈ ಹೋದ ದಿನ."

"ಇತ್ತು. ಪೊಲೀಸು ನೋಡಿ ಬರ್ದಿದ್ದಾನೆ." ಮಾವ ನನ್ನ ಕಡೆ ನೋಡಿದರು. "ಹೇಳು ನೀನು."

"ಇರಲಿಲ್ಲ" ಎಂದೆ. "ನಾನು ಹಾಕಿದ್ದು. ಮಾವ ಹೇಳಿ ಹಾಕಿಸಿದ್ದು."

ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಮಾವ ಸಿಟ್ಟಾಗುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು. "ಹಳೇ ಕತೆ ಎಂತಕ್ಕೆ ಈಗ? ಹಾಗೆ ನೋಡಿದ್ರೆ ಚೈನ್ ಬಿದ್ದದ್ದು. ಬ್ರೇಕಿನ ವಿಷಯವೇ ಅಲ್ಲ ಅದು" ಎಂದು ಪೇಪರ್ ಮಡಚಿದರು. ಇಂಥ ಮನುಷ್ಯನಿಗೆ ಏನು ಹೇಳುವುದು? ಬ್ರೇಕ್ ಇರುವುದೇ ಅದಕ್ಕಲ್ಲವೇ?

ಅಕ್ಕ ಮಾಡಿನ ಕೆಳಗೆ ನಿಂತಿದ್ದ ಆ ಸೈಕಲ್ಲಿನ ಹತ್ತಿರ ಹೋದಳು. ನಾನು ಹಾಕಿದ ಬ್ರೇಕು ಹಾಗೇ ಇತ್ತು. ಬಲಗೈಯನ್ನು ಎತ್ತಿ ಹ್ಯಾಂಡಲಿನ ಮೇಲೆ ಇಟ್ಟಳು. ಆ ಹಿಡಿಯನ್ನು ಒತ್ತಲು ನೋಡಿದಳು. ಬೆರಳುಗಳು ಅದನ್ನು ಸುತ್ತಲಿಲ್ಲ. ಇನ್ನೊಮ್ಮೆ ನೋಡಿದಳು. ಆಮೇಲೆ ಅಂಗಳದ ಮಧ್ಯದಲ್ಲಿ ಉಗಿದು, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

"ಮನೆಯ ಮಾತನ್ನು ಒಕ್ಕಲಿನವರ ಎದುರು ಹೇಳಿದಿಯಲ್ಲ" ಎಂದಳು ಅಮ್ಮ ನನ್ನ ಹತ್ತಿರ. ಕೊಡಪಾನದಲ್ಲಿ ನೀರು ತಂದು ಅಂಗಳ ತೊಳೆದಳು. ಆ ವಾರವೇ ನಾನು ಕೊಡಿಯಾಲ್‌ಬೈಲಿನಲ್ಲಿ ಒಂದು ಕೋಣೆ ಹಿಡಿದು ಹೊರಟೆ. ಅದನ್ನು ದೊಡ್ಡ ಕೆಲಸವೆಂದು ಎಣಿಸಿಕೊಂಡಿದ್ದೆ. ಆದರೆ ಪ್ರತಿ ಭಾನುವಾರ ಊಟಕ್ಕೆ ಅಮ್ಮನ ಮನೆಗೇ ಹೋಗುತ್ತಿದ್ದೆ.

ಅಕ್ಕನಿಗೆ ಪರಿಹಾರ ಸಿಗಬಹುದೇ ಎಂದು ನಮ್ಮ ಆಫೀಸಿನ ವಕೀಲರನ್ನು ಕೇಳಿದೆ. ಅವರು ಕನ್ನಡಕ ತೆಗೆದು, ಇಷ್ಟು ವರ್ಷವಾದ ಮೇಲೆ, ನಿನ್ನ ಮೊದಲಿನ ಹೇಳಿಕೆಯ ಎದುರು, ಏನೂ ನಿಲ್ಲುವುದಿಲ್ಲ ಎಂದರು. ಅದನ್ನು ಹೇಳಲು ಅವಳ ಮನೆಗೆ ಹೋದಾಗ ಬಾಗಿಲು ತೆರೆದಿತ್ತು, ಅವಳು ಹೊರಗೆ ಬರಲಿಲ್ಲ. ಆಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ಅವಳಿಗೆ ಆಯಾ ಕೆಲಸ ಸಿಕ್ಕಿತು ಎಂದು ಕೇಳಿದೆ. ಯಾರೋ ಒಬ್ಬ ದಾದಿ ಕೊಡಿಸಿದ್ದಂತೆ. ನಾನಲ್ಲ. ರಸ್ತೆಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ದಾಟುತ್ತಿದ್ದಳು. ಮಕ್ಕಳಿಗೆ ಆ ಮಾತು ಹೇಳುವುದನ್ನು ಮಾತ್ರ ನಿಲ್ಲಿಸಿದಳಂತೆ. ಅಷ್ಟಾದರೂ ಆಯಿತು ಎಂದು ಬರೆಯಲು ನನಗೆ ಮನಸ್ಸಾಗುತ್ತಿದೆ, ಬರೆಯಬಾರದು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಯುವಕರ ಸಂಘ ಸೈಕಲ್ ರೇಸ್ ಇಟ್ಟಿತು. ಮಾವ ಮುಖ್ಯ ಅತಿಥಿ. ಅಷ್ಟು ಹೊತ್ತಿಗೆ ಅವರದ್ದೇ ಒಂದು ಹೋಟೆಲ್ ಆಗಿತ್ತು, ತಲೆಗೂದಲು ಬೆಳ್ಳಗಾಗಿ ಒಳ್ಳೆಯ ಕಳೆ ಬಂದಿತ್ತು. ಅಮ್ಮನ ಒತ್ತಾಯಕ್ಕೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮಾವ ಮೈಕಿನ ಮುಂದೆ ನಿಂತು, ಮುಂಬಯಿಯ ರೇಸುಗಳ ಬಗ್ಗೆ, ಶಿಸ್ತಿನ ಬಗ್ಗೆ, ರಸ್ತೆಯಲ್ಲಿ ಇತರರ ಜೀವಕ್ಕೆ ಬೆಲೆ ಕೊಡಬೇಕೆಂಬ ಬಗ್ಗೆ ಹದಿನೈದು ನಿಮಿಷ ಮಾತಾಡಿದರು. ಚೆನ್ನಾಗಿ ಮಾತಾಡಿದರು. ಸ್ವರ ಒಂದು ಕಡೆಯೂ ತಡವರಿಸಲಿಲ್ಲ. ಎದ್ದು ನಿಂತು ಕೂಗಿ ಹೇಳಬೇಕು ಎಂದು ಕುರ್ಚಿಯ ಅಂಚಿಗೆ ಸರಿದೆ. ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು.

ಪಕ್ಕದಲ್ಲಿ ಕೂತಿದ್ದವರು ನನ್ನ ಕಡೆ ಬಾಗಿ, "ನಿಮ್ಮ ಮಾವ ಅಲ್ವಾ? ದೊಡ್ಡ ಜನ ಮಾರಾಯ್ರೆ" ಎಂದರು.

ಹೌದು ಎಂದೆ. ಗೋಳಿಬಜೆಯ ತಟ್ಟೆ ನಮ್ಮ ಸಾಲಿಗೆ ಬಂತು. ಎರಡು ತೆಗೆದುಕೊಂಡೆ. ಬಿಸಿಯಾಗಿದ್ದವು, ತಿಂದೆ.